ಕೊನೆಯ ಮಾತು ಕೂತವರದು

ಬೀಗ ಬೇಕೆಂದು ಕೇಳಿದವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅಷ್ಟುದ್ದ ಪತ್ರ ಬರೆಯುವ ತಾಪತ್ರಯ ತಪ್ಪುತ್ತಿತ್ತು. ಐದನೇ ಮಹಡಿಯಿಂದ ಎರಡು ಮಹಡಿ ಇಳಿದು ಬಂದು ನನ್ನ ಕುರ್ಚಿಯ ಹಿಂದೆ ನಿಂತು ಕೆಮ್ಮಿದ್ದರೆ ಸಾಕಿತ್ತು.

ಅವನು ಬರೆದದ್ದು ‘ಗಂಟು’ ಅನ್ನುವ ಪ್ರೋಗ್ರಾಮಿನ ಸಾರ್ವಜನಿಕ ಪುಟದಲ್ಲಿ. ಹನ್ನೊಂದು ವರ್ಷದಿಂದ ಅದನ್ನು ಬರೆದು, ತಿದ್ದಿ, ಧೂಳು ಒರೆಸಿ ಕಾಪಾಡಿಕೊಂಡು ಬಂದವಳು ನಾನು. ಅದಕ್ಕೆ ಚಂದದ ಮುಖವಿಲ್ಲ, ಒತ್ತಲು ಬಣ್ಣದ ಗುಂಡಿಗಳಿಲ್ಲ. ಕಪ್ಪು ಕಿಟಕಿಯಲ್ಲಿ ಒಂದು ಸಾಲು ಟೈಪು ಮಾಡಿದರೆ ಹೇಳಿದ ಕೆಲಸ ಮಾಡಿ ಸುಮ್ಮನಾಗುತ್ತದೆ. ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ಒಳಗೇನಿದೆ ಎಂದು ಬಿಚ್ಚಿ ಓದಬಹುದು, ತಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಹೆಸರು ಹೇಳಲು ನಾಲಿಗೆ ಹೊರಳದ ಊರುಗಳಿಂದೆಲ್ಲ ಜನ ನನಗೆ ದೂರು ಬರೆಯುತ್ತಾರೆ. ಪುಟದಲ್ಲಿ ನನ್ನ ಗುರುತು ‘ಗಂಟಿನವಳು’ ಎಂದಷ್ಟೇ. ಹಾಗಿದ್ದೂ ಅರ್ಧ ಜನ ‘ಸರ್’ ಎಂದೇ ಶುರು ಮಾಡುತ್ತಾರೆ.

ಈ ಗಂಟಿನಲ್ಲಿ ಏನಿರುತ್ತದೆ ಅನ್ನುವುದು ನನ್ನ ಅಮ್ಮನಿಗೆ ಒಂದೇ ಮಾತಿನಲ್ಲಿ ಅರ್ಥವಾಗಿತ್ತು. ಅಮ್ಮ ಇಪ್ಪತ್ತಾರು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಅಲ್ಲಿನ ಸ್ಟೂಲುಗಳೆಲ್ಲ ಒಂದೇ ಎತ್ತರ, ಅಮ್ಮ ಕುಳ್ಳಿ. ಬೆಳಗ್ಗೆ ಬಂದವಳೇ ಚಿಂದಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲೆ ಹಾಕಿಕೊಂಡರೆ ಆ ದಿನ ಸೊಂಟ ಉಳಿಯುತ್ತಿತ್ತು. ಸಂಜೆಯಾಗುತ್ತಲೇ ಸೂಪರ್‌ವೈಸರ್ ಅದನ್ನು ಕಸ ಎಂದು ಗುಡಿಸಿ ಹಾಕಿಸುತ್ತಿದ್ದ. ಮರುದಿನ ಮತ್ತೆ ಚಿಂದಿ ಹುಡುಕು, ಮತ್ತೆ ಮಡಿಚು. “ಇಪ್ಪತ್ತಾರು ವರ್ಷ ಅದೇ ಬಟ್ಟೆ ಮಡಿಚಿದ್ದೀನಿ ಕಣೇ. ಹೊಲಿದಿದ್ದಕ್ಕಿಂತ ಮಡಿಚಿದ್ದೇ ಜಾಸ್ತಿ,” ಅನ್ನುತ್ತಾಳೆ.

ಆ ಚಿಂದಿಗೆ ಕಂಪ್ಯೂಟರಿನ ಲೋಕದಲ್ಲಿ ಚುಕ್ಕಿ ಫೈಲು ಅನ್ನುತ್ತಾರೆ. ಚುಕ್ಕಿಯಿಂದ ಶುರುವಾಗುವ ಹೆಸರಿನ ಪುಟ್ಟ ಫೈಲುಗಳು; ಮಾಮೂಲಿ ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅಕ್ಷರ ಎಷ್ಟು ದಪ್ಪ ಇರಬೇಕು, ಯಾವ ಬಣ್ಣದಲ್ಲಿರಬೇಕು, ಯಾವ ಕೀ ಒತ್ತಿದರೆ ಏನಾಗಬೇಕು, ಕಿಟಕಿ ತೆರೆದ ತಕ್ಷಣ ಮೊದಲು ಕಾಣುವ ಸಾಲು ಯಾವುದು, ಇವೆಲ್ಲ ಅವುಗಳಲ್ಲಿರುತ್ತವೆ. ಒಬ್ಬ ಮನುಷ್ಯನ ಕಣ್ಣು, ಕೈ, ಅಭ್ಯಾಸ ಅವುಗಳಲ್ಲಿ ಮಡಿಚಿಟ್ಟಿರುತ್ತದೆ ಅನ್ನಿ.

ನಮ್ಮ ಮೂರನೇ ಮಹಡಿಯಲ್ಲಿ ನೂರಿಪ್ಪತ್ತು ಕಂಪ್ಯೂಟರ್, ನೂರಿಪ್ಪತ್ತು ಟೈಪಿಸ್ಟರು. ಎಲ್ಲೆಲ್ಲಿಂದಲೋ ಬಂದ ಕೈಬರಹದ ಅರ್ಜಿಯ ಫೋಟೊ ಪರದೆಯ ಎಡಕ್ಕೆ, ಅದನ್ನು ನೋಡಿ ತುಂಬಬೇಕಾದ ಖಾನೆಗಳು ಬಲಕ್ಕೆ. ಬಾಗಿಲಲ್ಲಿ ನಮ್ಮ ಫೋನು ಇಸಿದುಕೊಂಡು ಚೀಟಿ ಕೊಡುತ್ತಾರೆ; ಫೋನು ಮತ್ತೆ ಕೈಗೆ ಬರುವುದು ಊಟದ ಬಿಡುವಿನಲ್ಲಿ. ಚೀಟಿಯ ನಂಬರಿನ ಕುರ್ಚಿಯೇ ಆ ದಿನದ ಕುರ್ಚಿ. ದಿನಾ ಒಂದೇ ಕಡೆ ಕೂತರೆ ಪಕ್ಕದವರ ಜೊತೆ ಸಲಿಗೆ ಬೆಳೆಯುತ್ತದಂತೆ, ಸಲಿಗೆ ಬೆಳೆದರೆ ಸಂಘ ಹುಟ್ಟುತ್ತದಂತೆ. ಪಾಳಿ ಮುಗಿದರೆ ಕಂಪ್ಯೂಟರುಗಳು ತಮ್ಮನ್ನು ತಾವೇ ತೊಳೆದುಕೊಂಡು ಹಸುಗೂಸುಗಳಾಗುತ್ತವೆ. ಹಿಂದೆಲ್ಲ ಬೆಳಗಿನ ಮೊದಲ ಇಪ್ಪತ್ತು ನಿಮಿಷ ಅಕ್ಷರ ದಪ್ಪ ಮಾಡಿಕೊಳ್ಳುವುದು, ಕೀ ಸರಿ ಮಾಡಿಕೊಳ್ಳುವುದು, ಇದರಲ್ಲೇ ಹೋಗುತ್ತಿತ್ತು. ಆ ಇಪ್ಪತ್ತು ನಿಮಿಷ ಕೆಲಸವಲ್ಲ ಎಂದು ಕಂಪನಿಯ ನಿಯಮ. ಕೆಲಸವಲ್ಲದಿದ್ದರೆ ಮತ್ತೇನು? ನಮ್ಮ ಹವ್ಯಾಸವೇ?

ನಮ್ಮೆಲ್ಲರಿಗಿಂತ ಹಿರಿಯಳು ಕನ್ನಡಕದಕ್ಕ. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಅದೂ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದಿದ್ದರೆ ನಮ್ಮ ಮಹಡಿಯಲ್ಲಿ ಅವಳಷ್ಟು ಚುರುಕಾಗಿ ಟೈಪು ಮಾಡುವವರು ಇನ್ನೊಬ್ಬರಿಲ್ಲ. ಮಾಮೂಲಿ ಬೂದು ಅಕ್ಷರವಾದರೆ ಮೂರಕ್ಕೆ ಒಂದು ತಪ್ಪು. ಒಂದು ವಾರ ತಪ್ಪು ಮಿತಿ ಮೀರಿದರೆ ಮರುವಾರ ಬಾಗಿಲಲ್ಲಿ ಚೀಟಿ ಇಲ್ಲ. ನಾನು ಗಂಟು ಬರೆದದ್ದು ಆ ಅಕ್ಕನಿಗಾಗಿ. ಆಗಿದ್ದ ರಿಪೇರಿಯವರು ಒಳ್ಳೆ ಮನುಷ್ಯ. ಯಾರನ್ನೂ ಕೇಳದೆ ಎಲ್ಲ ಕಂಪ್ಯೂಟರಿಗೂ ಅದನ್ನು ಹಾಕಿಕೊಟ್ಟು ನಿವೃತ್ತರಾದರು. ಸಂಜೆ ‘ಗಂಟು ಕಟ್ಟು’ ಎಂದರೆ ನಿಮ್ಮ ಚುಕ್ಕಿ ಫೈಲುಗಳೆಲ್ಲ ಒಟ್ಟಾಗಿ ಸರ್ವರಿನ ಮೂಲೆಯಲ್ಲಿ ನಿಮ್ಮ ಸಿಬ್ಬಂದಿ ನಂಬರಿನಡಿ ಕೂರುತ್ತವೆ. ಬೆಳಗ್ಗೆ ಯಾವ ಕುರ್ಚಿ ಸಿಕ್ಕಿದರೂ ‘ಗಂಟು ಬಿಚ್ಚು’ ಅಂದರೆ ಆಯ್ತು, ಆ ಕುರ್ಚಿ ನಿಮ್ಮದು. ಇಪ್ಪತ್ತು ನಿಮಿಷದ್ದು ನಾಲ್ಕು ಸೆಕೆಂಡಿಗೆ ಇಳಿಯಿತು.

ಗಂಟಿಗೆ ಒಂದೇ ಒಂದು ಕಟ್ಟಳೆ. ಮೊದಲು ಕಂಪ್ಯೂಟರಿನ ಸ್ವಂತ ಸೆಟ್ಟಿಂಗ್ ಓದುತ್ತದೆ, ಆಮೇಲೆ ಕಂಪನಿಯದ್ದು, ಕಟ್ಟಕಡೆಗೆ ಕೂತವರದ್ದು. ಎರಡರ ನಡುವೆ ಜಗಳ ಬಂದರೆ ಕೊನೆಗೆ ಓದಿದ್ದೇ ಗೆಲ್ಲುತ್ತದೆ. ಕೊನೆಯ ಮಾತು ಕೂತವರದು. ಹನ್ನೊಂದು ವರ್ಷದಲ್ಲಿ ಒಳಗಿನ ಒಂದೊಂದು ಸಾಲನ್ನೂ ಮೂರು ಮೂರು ಸಲ ಬದಲಿಸಿದ್ದೇನೆ. ಈ ಕ್ರಮವನ್ನು ಮುಟ್ಟಿಲ್ಲ.

ಐದನೇ ಮಹಡಿಯ ಇಂಜಿನಿಯರ್ ಕೇಳಿದ್ದು ಅದನ್ನೇ. ಪತ್ರ ಬಹಳ ಸಭ್ಯವಾಗಿತ್ತು. ‘ನಮ್ಮ ಸಂಸ್ಥೆಯಲ್ಲಿ ನಿಮ್ಮ ಅದ್ಭುತ ಪ್ರೋಗ್ರಾಮು ಬಳಕೆಯಲ್ಲಿರುವುದು ಈಚೆಗೆ ತಿಳಿಯಿತು. ಬರುವ ತಿಂಗಳ ಒಂದರಿಂದ ಎಲ್ಲ ಕಂಪ್ಯೂಟರುಗಳನ್ನೂ ಏಕರೂಪಗೊಳಿಸುತ್ತಿದ್ದೇವೆ. ಸಂಸ್ಥೆ ಕೊಟ್ಟ ಸೆಟ್ಟಿಂಗನ್ನು ಕೂತವರು ಬದಲಿಸಲು ಆಗದಂತೆ ಒಂದು ಬೀಗ ಬೇಕು. ದಯವಿಟ್ಟು ಸೇರಿಸಿ.’

ನಾನು ಬರೆದೆ: ‘ಸೇರಿಸುವುದಿಲ್ಲ. ಈ ಪ್ರೋಗ್ರಾಮು ಇರುವುದೇ ಕೂತವರಿಗಾಗಿ.’

ಒಂದು ಗಂಟೆಯೊಳಗೆ ಉತ್ತರ. ‘ನಿಮ್ಮ ಆದರ್ಶಕ್ಕೆ ಗೌರವವಿದೆ. ನಮ್ಮಲ್ಲಿಗೆ ಕೆಲಸಕ್ಕೆ ಬಂದುಬಿಡಿ. ಸ್ವಂತ ಕೋಣೆ, ಕಿಟಕಿಯ ಪಕ್ಕದ ಮೇಜು, ಇಡೀ ದಿನ ಗಂಟಿನದ್ದೇ ಕೆಲಸ.’

ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿ ಕೂತು ಇದನ್ನು ಫೋನಿನಲ್ಲಿ ಓದುತ್ತಿದ್ದವಳಿಗೆ ಚಹಾ ನೆತ್ತಿಗೇರಿತು. ಕನ್ನಡಕದಕ್ಕ ಬೆನ್ನು ಗುದ್ದಿದಳು.

“ಏನೇ ಅದು, ಪ್ರೇಮಪತ್ರನಾ?”

“ನಂಗೆ ಇದೇ ಕಂಪನೀಲಿ ಕೆಲಸ ಕೊಡ್ತಾರಂತೆ ಅಕ್ಕ.”

“ಅಯ್ಯೋ, ಬೇಡ ಅನ್ನು. ಕ್ಯಾಂಟೀನ್ ಚೆನ್ನಾಗಿಲ್ಲ.”

ನಕ್ಕು ಮುಗಿದ ಮೇಲೆ ಪೂರ್ತಿ ಓದಿ ಹೇಳಿದೆ. ಒಂದನೇ ತಾರೀಖು, ಏಕರೂಪ, ಬೀಗ. ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

“ಅಂದ್ರೆ ನನ್ನ ಹಳದಿ ಅಕ್ಷರ?”

“ಬೀಗ ಬಿದ್ರೆ ಇರಲ್ಲ.”

“ಹಾಗಾದ್ರೆ ನಾನೂ ಇರಲ್ಲ.” ಅವಳ ದನಿಯಲ್ಲಿ ಅಳು ಇರಲಿಲ್ಲ. ಹಾಜರಿ ಹೇಳುವಾಗ ಹೇಳುವಂತೆ ಹೇಳಿದಳು. “ನೀನು ಬೀಗ ಮಾಡಿಕೊಡಲ್ಲ ತಾನೆ?”

“ನನ್ನ ಕೈಯಿಂದ ಆ ಸಾಲು ಹೊರಗೆ ಬರಲ್ಲ.”

“ಅಷ್ಟು ಸಾಕು. ಉಳಿದಿದ್ದು ಆಮೇಲೆ.”

ಆ ಭಾನುವಾರ ಊಟದ ಮೇಜಿನ ಒಂದು ತುದಿಯಲ್ಲಿ ನನ್ನ ಹಳೇ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಅಮ್ಮನ ಸೂಜಿ ದಾರ. ಭಾನುವಾರದ ಮಧ್ಯಾಹ್ನಗಳೇ ಗಂಟಿನ ಸಮಯ. ಇಂಜಿನಿಯರಿನ ಮೂರನೇ ಪತ್ರ ಬಂದಿತ್ತು. ‘ನೀವು ಒಪ್ಪದಿದ್ದರೆ ನಾವೇ ಪ್ರತಿ ತೆಗೆದುಕೊಂಡು ಬೀಗ ಹಾಕಿಕೊಳ್ಳುತ್ತೇವೆ. ನಿಮ್ಮ ಪರವಾನಗಿಯಲ್ಲಿ ಅದಕ್ಕೆ ಅವಕಾಶವಿದೆ ಎಂದು ನಮ್ಮ ವಕೀಲರು ಹೇಳಿದ್ದಾರೆ.’

ಅವಕಾಶವಿದೆ. ಅದನ್ನು ಕೊಟ್ಟವಳೇ ನಾನು. ಎಲ್ಲರಿಗೂ ಎಂದು ಬರೆದ ಮೇಲೆ ಇವನನ್ನು ಬಿಟ್ಟು ಎಲ್ಲರಿಗೂ ಅನ್ನಲಾಗುತ್ತದೆಯೇ?

‘ಧಾರಾಳವಾಗಿ ತೆಗೆದುಕೊಳ್ಳಿ,’ ಎಂದು ಬರೆದೆ. ‘ಒಂದೇ ಸೂಚನೆ. ಯಾರು ‘ಕಟ್ಟು’ ಅನ್ನುತ್ತಾರೋ ಅವರ ಚುಕ್ಕಿ ಫೈಲುಗಳನ್ನೇ ಗಂಟು ಕಟ್ಟುತ್ತದೆ. ಇಡೀ ಸಂಸ್ಥೆಗೆ ಹಂಚುವ ಮೊದಲು ‘ಗಂಟು ತೋರಿಸು’ ಎಂದು ಓಡಿಸಿ, ಒಳಗೆ ಏನೇನು ಹೋಗಿದೆ ಅಂತ ಕಣ್ಣಾರೆ ನೋಡಿ.’

ಅವನು ಹೆಬ್ಬೆರಳಿನ ಚಿತ್ರ ಒತ್ತಿ ಹೋದ.

“ಶತ್ರುಗೆ ಬುದ್ಧಿ ಹೇಳ್ತಿದ್ದೀಯಲ್ಲೇ,” ಅಂದಳು ಅಮ್ಮ, ದಾರ ಕಚ್ಚುತ್ತ.

“ಗಂಟು ನಂದಮ್ಮ. ಅದರಿಂದ ಯಾರದೋ ಫೈಲು ಬೀದಿಗೆ ಬರಬಾರದು. ಅವನದ್ದಾದರೂ.”

“ಕೇಳ್ತಾನಾ?”

“ಮೇಲಿನ ಮಹಡಿಯವರು ಕೇಳಿದ್ದನ್ನು ನೀನು ಯಾವಾಗಾದ್ರೂ ನೋಡಿದ್ದೀಯಾ?”

“ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ,” ಅಂದಳು. “ಅವತ್ತು ನಾವೆಲ್ಲ ಮೆಷಿನ್ ನಿಲ್ಲಿಸಿ ಎದ್ದು ನಿಂತಿದ್ವಿ.”

ತಿಂಗಳ ಕೊನೆಯ ದಿನ ಸಂಜೆ, ಎಲ್ಲರೂ ಎಂದಿನಂತೆ ಗಂಟು ಕಟ್ಟಿಟ್ಟರು. ಕಟ್ಟುವಾಗ ಒಬ್ಬೊಬ್ಬರೂ ನನ್ನ ಕಡೆ ಒಂದು ಸಲ ನೋಡಿದರು. ನಾನು ತಲೆಯಾಡಿಸಿದೆ. ಮಾಡುವುದಿಷ್ಟೇ ಇತ್ತು.

ಒಂದನೇ ತಾರೀಖು ಬೆಳಗ್ಗೆ ಎಂಟಕ್ಕೆ ನೂರಿಪ್ಪತ್ತು ಪರದೆಗಳು ಒಟ್ಟಿಗೆ ಹೊತ್ತಿಕೊಂಡವು. ಕಂಪನಿಯ ಲಾಂಛನ ಬರುತ್ತದೆ ಎಂದುಕೊಂಡಿದ್ದೆವು. ಬಂದದ್ದು ಕಪ್ಪು ಕಿಟಕಿ. ಅದರಲ್ಲಿ ಇರುವೆ ಸಾಲಿನಂಥ ಸಣ್ಣ ಬೂದು ಅಕ್ಷರಗಳಲ್ಲಿ ಒಂದು ಸಾಲು:

‘ಇನ್ನು ನಲವತ್ತೊಂದು ದಿನ. ತಾಳಿಕೋ. ಆಮೇಲೆ ಈ ಕಟ್ಟಡದ ಮುಖ ನೋಡುವ ಕರ್ಮ ಇಲ್ಲ.’

ಹಿಂದಿನ ಸಾಲಿನಲ್ಲಿ ಯಾರೋ ಪಕ್ಕನೆ ನಕ್ಕರು.

“ಇದೇನೋ, ಕಂಪನಿಯವರೇ ನಮ್ಮ ಮನಸ್ಸು ಓದಿಬಿಟ್ಟಿದ್ದಾರೆ!”

“ನಲವತ್ತೊಂದೇ ಯಾಕೆ? ನನ್ನನ್ನ ಕೇಳಿದ್ರೆ ಇವತ್ತೇ ಅಂತಿದ್ದೆ.”

ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನಾನು ಮಾತ್ರ ಆ ಸಾಲನ್ನು ಇನ್ನೊಮ್ಮೆ ಓದಿದೆ. ಇದು ಕಂಪನಿಯ ಸೆಟ್ಟಿಂಗ್ ಅಲ್ಲ. ಇದು ಒಬ್ಬ ಮನುಷ್ಯನ ಚುಕ್ಕಿ ಫೈಲು. ದಿನಾ ಬೆಳಗ್ಗೆ ತನಗೆ ತಾನೇ ಧೈರ್ಯ ಹೇಳಿಕೊಳ್ಳಲು ಯಾರಿಗೂ ಕಾಣದ ಜಾಗದಲ್ಲಿ ಬರೆದಿಟ್ಟುಕೊಂಡ ಸಾಲು. ಇಂಜಿನಿಯರ್ ಕಂಪನಿಯ ಗಂಟನ್ನು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಕೂತು ಕಟ್ಟಿದ್ದ. ‘ತೋರಿಸು’ ಅಂದಿರಲಿಲ್ಲ. ಅವನದ್ದೆಲ್ಲ ಅದರೊಳಗೆ ಹೋಗಿತ್ತು, ಅದರ ಮೇಲೆ ಬೀಗ ಬಿದ್ದಿತ್ತು, ಇಡೀ ಮಹಡಿಗೆ ಹಂಚಿಕೆಯಾಗಿತ್ತು.

ಟೈಪು ಮಾಡಲು ಹೋದರೆ ಇನ್ನೊಂದು ಮಜಾ. ಒಂದು ಕೀ ಒತ್ತಿದರೆ ಬೇರೆಯೇ ಅಕ್ಷರ. ಕೆಲವು ಇಂಜಿನಿಯರುಗಳಿಗೆ ಕೀಬೋರ್ಡಿನ ಅಕ್ಷರಗಳನ್ನೆಲ್ಲ ತಮಗೆ ಬೇಕಾದ ಜಾಗಕ್ಕೆ ಎತ್ತಿ ಕೂರಿಸಿಕೊಳ್ಳುವ ಶೋಕಿ ಇರುತ್ತದೆ, ಇವನಿಗೂ ಇತ್ತು. ಅರ್ಜಿದಾರರ ಹೆಸರಿನ ಖಾನೆಗಳಲ್ಲಿ ಬಾಯಲ್ಲಿ ಹೇಳಲಾಗದ ವ್ಯಂಜನಗಳು ಬಿದ್ದವು. ಅಕ್ಷರ ದಪ್ಪ ಮಾಡಲು ಹೋದವರಿಗೆ ‘ನಿಮಗೆ ಅನುಮತಿ ಇಲ್ಲ’ ಎಂದಿತು.

ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದರು. “ಏನ್ರೀ ಗಲಾಟೆ? ಮಧ್ಯಾಹ್ನದೊಳಗೆ ಎಂಟು ಸಾವಿರ ಅರ್ಜಿ ಹೋಗಬೇಕು. ಹೊಸ ಪದ್ಧತಿ ಅಂದ್ರೆ ಮೊದಮೊದಲು ಹೀಗೇ. ಕೂತು ಟೈಪ್ ಮಾಡಿ.”

ಕನ್ನಡಕದಕ್ಕ ಎದ್ದಳು. ಕುರ್ಚಿಯನ್ನು ಮೇಜಿನೊಳಗೆ ನೂಕಿ ಅದರ ಹಿಂದೆ ನಿಂತಳು.

“ಕೂತ್ಕೊಳ್ಳಮ್ಮ.”

“ಕೂತ್ಕೋತೀನಿ ಸರ್. ನನ್ನ ಅಕ್ಷರ ಕೊಡಿ, ಕೂತ್ಕೋತೀನಿ. ಈ ಇರುವೆಗಳನ್ನ ನಾನು ಓದಲಾರೆ. ಓದಿದ ಹಾಗೆ ಮಾಡಿ ತಪ್ಪು ಟೈಪ್ ಮಾಡಿದ್ರೆ ಮುಂದಿನ ವಾರ ನನಗೆ ಚೀಟಿ ಕೊಡಲ್ಲ. ನಿಮ್ಮ ತಪ್ಪಿಗೆ ನನ್ನ ಕುರ್ಚಿ ಯಾಕೆ ಹೋಗಬೇಕು?”

ಪಕ್ಕದವನು ಎದ್ದ. ಎದುರಿನವಳು ಎದ್ದಳು. ನಾನು ಎದ್ದೆ. ಯಾರೂ ಘೋಷಣೆ ಕೂಗಲಿಲ್ಲ. ನೂರಿಪ್ಪತ್ತು ಕುರ್ಚಿಗಳು ಮೇಜಿನೊಳಗೆ ಹೋಗುವ ಸದ್ದು, ಅಷ್ಟೇ. ಒಂದೇ ಕಡೆ ಕೂರಿಸದಿದ್ದರೆ ಸಂಘ ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿದವನು ಒಂದನ್ನು ಮರೆತಿದ್ದ: ಹನ್ನೊಂದು ವರ್ಷದಲ್ಲಿ ಎಲ್ಲರೂ ಎಲ್ಲರ ಪಕ್ಕದಲ್ಲೂ ಕೂತಾಗಿತ್ತು.

ಕೆಲಸ ನಿಂತಿದೆ ಎಂದು ಮ್ಯಾನೇಜರ್ ಫೋನು ಮಾಡಿದ್ದೇ ಇಂಜಿನಿಯರ್ ಓಡಿ ಬಂದ. ನಲವತ್ತು ದಾಟಿದ ಮನುಷ್ಯ, ಮುಂದಲೆ ಬೋಳು, ಅಂಗಿಯ ಗುಂಡಿ ಒಂದು ಮನೆ ತಪ್ಪಿತ್ತು. ಅವನ ಪರದೆಯಲ್ಲಿ ಎಲ್ಲವೂ ಎಂದಿನಂತೆಯೇ ಇದ್ದುದರಿಂದ ಇಲ್ಲಿ ಬಂದಿರುವುದೇನು ಎಂದು ಅವನಿಗೆ ತಿಳಿದಿರಲಿಲ್ಲ. ಹತ್ತಿರದ ಪರದೆಯಲ್ಲಿ ತನ್ನ ಸಾಲನ್ನು ನೋಡಿದ. ಅದರ ಪಕ್ಕದ ಪರದೆ ನೋಡಿದ. ಅದರಾಚೆಯದ್ದು ನೋಡಿದ.

“ಏನ್ರೀ ಇದು ನಲವತ್ತೊಂದು ದಿನ?” ಮ್ಯಾನೇಜರ್ ಕೇಳಿದರು.

“ಅದು... ವೈಯಕ್ತಿಕ ಸರ್.”

“ನಮ್ಮದೂ ಅದೇ ವೈಯಕ್ತಿಕ ಸರ್!” ಹಿಂದಿನ ಸಾಲಿನಿಂದ ಬಂತು. ಮ್ಯಾನೇಜರ್ ತಿರುಗಿ ನೋಡಿದರೆ ಎಲ್ಲರ ತುಟಿಯೂ ಮುಚ್ಚಿತ್ತು.

“ಬೀಗ ತೆಗೀರಿ ಬೇಗ.”

“ಹಾಕೋದಷ್ಟೇ ಬರೆದಿದ್ದೀನಿ ಸರ್. ತೆಗೆಯೋದು ಬರೆದಿಲ್ಲ. ಹೇಗೋ ಅಳಿಸಿ ಹಾಕಿದ್ರೆ ಎಲ್ಲರ ಹಳೇದೂ ಅಳಿಸಿ ಹೋಗುತ್ತೇನೋ ಅಂತ ಭಯ. ಇದನ್ನ ಮೊದಲು ಬರೆದವರು ಸಿಕ್ಕಿದ್ರೆ ಹತ್ತು ನಿಮಿಷದ ಕೆಲಸ. ಮೆಟ್ಟಿಲು ಇಳಿಯೋವಾಗಲೇ ಅವರಿಗೆ ಸಂದೇಶ ಹಾಕಿದೆ, ಉತ್ತರ ಇಲ್ಲ.”

ಕನ್ನಡಕದಕ್ಕನಿಗೆ ಇನ್ನು ತಡೆಯಲಾಗಲಿಲ್ಲ. “ಉತ್ತರ ಎಲ್ಲಿಂದ ಬರುತ್ತಪ್ಪ? ಅವಳ ಕಂಪ್ಯೂಟರಿಗೂ ನೀನೇ ಬೀಗ ಜಡಿದಿದ್ದೀಯಲ್ಲ!”

ನೂರಿಪ್ಪತ್ತು ತಲೆಗಳು ನನ್ನ ಕಡೆ ತಿರುಗಿದವು. ಇಂಜಿನಿಯರಿನದ್ದು ಕಟ್ಟಕಡೆಗೆ.

“ಗಂಟಿನವಳು... ನೀವಾ?” ಅವನ ಕಣ್ಣು ನನ್ನ ಕೊರಳಿನ ಟೈಪಿಸ್ಟ್ ಬಿಲ್ಲೆಯ ಮೇಲೆ ನಿಂತಿತು. “ನಾನು ನಿಮಗೆ ಕೆಲಸ ಕೊಡ್ತೀನಿ ಅಂದಿದ್ದೆ.”

“ಇದೆಯಲ್ಲ ಸರ್. ಅದೇ ಕೆಲಸಕ್ಕೆ ಅಡ್ಡಿ ಮಾಡಿದ್ದೀರಿ.”

ಮ್ಯಾನೇಜರಿಗೆ ಅರ್ಧ ಅರ್ಥವಾಯಿತು, ಅಷ್ಟು ಸಾಕಾಯಿತು. “ನಿನಗೆ ಸರಿ ಮಾಡೋಕೆ ಬರುತ್ತೇನಮ್ಮ? ಹಾಗಾದ್ರೆ ನಿಂತಿದ್ದೀಯ ಯಾಕೆ? ಮಾಡು!”

“ಮಾಡ್ತೀನಿ. ಬೀಗ ಇಲ್ಲದ ಗಂಟು ವಾಪಸ್ ಬರುತ್ತೆ. ಕೂತವರ ಸೆಟ್ಟಿಂಗ್ ಕೂತವರದ್ದೇ ಅಂತ ನೀವು ಬರೆದು, ಸಹಿ ಮಾಡಿ, ಬಾಗಿಲಲ್ಲಿ ಅಂಟಿಸ್ತೀರಿ. ಇವತ್ತಿನ ಬೆಳಗ್ಗೆಯ ತಪ್ಪುಗಳು ಯಾರ ಹೆಸರಿಗೂ ಬರಲ್ಲ. ಇಷ್ಟೇ.”

“ನನಗೇ ಷರತ್ತು ಹಾಕ್ತೀಯಾ?”

“ಷರತ್ತಲ್ಲ ಸರ್. ಗಂಟು ಇರೋದೇ ಹಾಗೆ. ಬೇರೆ ಥರದ್ದು ಬೇಕು ಅಂದ್ರೆ,” ಪರದೆಯ ಕಡೆ ಕೈ ತೋರಿಸಿದೆ, “ಅದು ಇದು.”

ಅವರು ಇಂಜಿನಿಯರಿನ ಮುಖ ನೋಡಿದರು. ಅವನು ತಪ್ಪಿದ ಗುಂಡಿಯನ್ನು ಬಿಚ್ಚಿ, ಸರಿಯಾದ ಮನೆಗೆ ಹಾಕಿಕೊಂಡ. “ಆ ಬೀಗವನ್ನ ನಾನು ಮತ್ತೆ ಬರೆಯಲ್ಲ ಸರ್. ಬೇಕಾದ್ರೆ ಬೇರೆ ಯಾರನ್ನಾದ್ರೂ ನೋಡಿಕೊಳ್ಳಿ.” ಗೋಡೆಯ ಗಡಿಯಾರ ಎಂಟೂ ಮುಕ್ಕಾಲು ತೋರಿಸುತ್ತಿತ್ತು, ಎಂಟು ಸಾವಿರ ಅರ್ಜಿಗಳಲ್ಲಿ ಒಂದೂ ಹೋಗಿರಲಿಲ್ಲ. ಮ್ಯಾನೇಜರ್ ಒಂದು ಹಾಳೆ ಎಳೆದುಕೊಂಡು ಬರೆದರು. ಬರೆದದ್ದನ್ನು ಕನ್ನಡಕದಕ್ಕ ತನ್ನ ಪಕ್ಕದವನಿಂದ ಗಟ್ಟಿಯಾಗಿ ಓದಿಸಿದಳು. ಆಮೇಲೆ ಸಹಿ ಬಿತ್ತು.

ಇನ್ನು ಕೆಲಸ. ಅಲ್ಲೊಂದು ತಮಾಷೆ: ಆ ಮಹಡಿಯ ಕೀಬೋರ್ಡುಗಳಲ್ಲಿ ಟೈಪು ಮಾಡಬಲ್ಲವನು ಆಗ ಒಬ್ಬನೇ ಒಬ್ಬ ಇದ್ದ. ಇಂಜಿನಿಯರನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ನಾನು ಹಿಂದೆ ನಿಂತು ಹೇಳಿದೆ, ಅವನು ಒತ್ತಿದ.

“ಮೊದಲು ‘ಗಂಟು ತೋರಿಸು’.”

ಪಟ್ಟಿ ಸುರಿಯಿತು. ಅವನ ಅಕ್ಷರ, ಅವನ ಕೀಗಳು, ಅವನ ನಲವತ್ತೊಂದು ದಿನ. ಅವನು ತಲೆ ತಗ್ಗಿಸಿದ. “ನೀವು ಹೇಳಿದ್ರಿ. ಹೆಬ್ಬೆರಳು ಒತ್ತಿ ಬಿಟ್ಟೆ.”

“ಆಯ್ತು ಬಿಡಿ. ಈಗ ‘ಗಂಟು ಮರಳಿಸು’.”

“ಅಂಥದ್ದೊಂದು ಇದೆಯಾ?”

“ಏನನ್ನಾದ್ರೂ ಅಳಿಸೋ ಮೊದಲು ಹಳೇದನ್ನ ಪಕ್ಕಕ್ಕೆ ಎತ್ತಿಡೋ ಅಭ್ಯಾಸ ಅದಕ್ಕಿದೆ. ಏಳು ವರ್ಷದ ಹಿಂದೆ ಯಾರದೋ ಫೈಲು ನುಂಗಿಹಾಕಿ, ಎಲ್ಲರಿಂದ ಉಗಿಸಿಕೊಂಡು ಕಲಿಸಿದ್ದು. ನೀವು ಬೀಗದ ಗಡಿಬಿಡೀಲಿ ಆ ಭಾಗ ಓದಿಲ್ಲ. ಓದಿದ್ರೆ ಕಿತ್ತು ಹಾಕ್ತಿದ್ರೇನೋ. ಒಳ್ಳೇದಾಯ್ತು.”

ಅವನು ಒತ್ತಿದ. ಮುಂದಿನ ಸಾಲಿನಿಂದ ಶುರುವಾಗಿ ಪರದೆಗಳು ಒಂದೊಂದಾಗಿ ಕಣ್ಣು ಮಿಟುಕಿಸಿದವು. ಒಂದು ಹಸಿರಾಯಿತು, ಒಂದು ಬಿಳಿ, ಒಂದರಲ್ಲಿ ಯಾರದೋ ಮಗಳ ಫೋಟೊ ಬಂತು. ಎರಡನೇ ಸಾಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಳದಿ ಅಕ್ಷರಗಳು ಎದ್ದವು. ಅಕ್ಕ ಕುರ್ಚಿ ಎಳೆದು, ಕೂತು, ಹಿಂದಿರುಗಿ ನೋಡದೆ ಟೈಪು ಶುರು ಮಾಡಿದಳು. ಆ ಚುರುಕಿನ ಸದ್ದು ಕೇಳುತ್ತಲೇ ಉಳಿದವರೂ ಕೂತರು.

ಇಂಜಿನಿಯರ್ ಏಳುವಾಗ ಸಣ್ಣ ದನಿಯಲ್ಲಿ ಕೇಳಿದ. “ಆ ಸಾಲು ಎಲ್ಲಾ ಕಡೆಯಿಂದಲೂ ಹೋಯ್ತಾ?”

“ಇಲ್ಲಿಂದ ಹೋಯ್ತು. ನಿಮ್ಮ ಕುರ್ಚಿಯಲ್ಲಿ ಇರುತ್ತೆ. ಅದು ನಿಮ್ಮ ಫೈಲು, ಅದಕ್ಕೆ ನಾನು ಕೈ ಹಾಕಲ್ಲ.”

ಅವನು ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಹೋದ.

ಮುಂದಿನ ಭಾನುವಾರ ಗಂಟಿನ ಪುಟದಲ್ಲಿ ಅವನ ಕಡೆಯಿಂದ ಒಂದು ತಿದ್ದುಪಡಿ ಬಂದಿತ್ತು. ಪತ್ರವಿಲ್ಲ, ಕಂಪನಿಯ ಲಾಂಛನವಿಲ್ಲ. ಹದಿನಾಲ್ಕು ಸಾಲು ಕೋಡ್ ಮಾತ್ರ. ಇನ್ನು ಮುಂದೆ ಯಾರೇ ಹಂಚಲು ಹೋದರೂ ಗಂಟು ಮೊದಲು ಒಳಗಿರುವುದನ್ನು ತೋರಿಸಿ, ‘ಇದೆಲ್ಲ ನಿಮ್ಮದೇ, ಎಲ್ಲರಿಗೂ ಕೊಡುವುದು ನಿಜವೇ?’ ಎಂದು ಕೇಳುತ್ತದೆ. ಕೆಲಸ ಅಚ್ಚುಕಟ್ಟಾಗಿತ್ತು. ಮೂರು ಸಲ ಓಡಿಸಿ ನೋಡಿ, ಸೇರಿಸಿಕೊಂಡೆ. ಆಮೇಲೆ ಬೀಗದ ಬೇಡಿಕೆಯ ಪುಟ ತೆರೆದು ‘ಮುಗಿಯಿತು’ ಒತ್ತಿದೆ.

ಸೋಮವಾರ ಬಾಗಿಲ ಹತ್ತಿರ ಅಂಟಿಸಿದ ಹಾಳೆಯ ಕೆಳಗೆ ಕನ್ನಡಕದಕ್ಕ ನನ್ನನ್ನು ಹಿಡಿದಳು. “ಏನೇ, ಅವನಿಗೆ ಬೆಳಗ್ಗೆ ಬೆಳಗ್ಗೆ ಒಂದು ಮಾತು ಬರ್ತಿತ್ತಲ್ಲ. ನಂಗೂ ಬೇಕು.”

“ಏನಂತ ಬರಬೇಕು ಅಕ್ಕ?”

ಅವಳು ಯೋಚಿಸಿಯೇ ಬಂದಿದ್ದಳು. ಬರೆದುಕೊಟ್ಟೆ. ಈಗ ದಿನಾ ಎಂಟಕ್ಕೆ, ಚೀಟಿ ಯಾವ ಮೂಲೆಯ ಕುರ್ಚಿ ಕೊಟ್ಟರೂ, ಅಕ್ಕ ‘ಗಂಟು ಬಿಚ್ಚು’ ಒತ್ತುತ್ತಾಳೆ. ಆ ಮೂಲೆಯಲ್ಲಿ ಆನೆ ಗಾತ್ರದ ಹಳದಿ ಅಕ್ಷರಗಳು ಏಳುತ್ತವೆ, ಮ್ಯಾನೇಜರ್ ಕೋಣೆಯ ಗಾಜಿನಾಚೆಯಿಂದಲೂ ಓದಬಹುದು:

‘ಬಂದ್ಯಾ ಮಹಾರಾಣಿ? ಕೂತ್ಕೋ.’